ಅಳಲಿಲ್ಲ, ಗಾಬರಿಯಾಗಲಿಲ್ಲ: ಇದು ಸಹಜವೇ?

ಪ್ರಶ್ನೆ: ನನ್ನ ತಮ್ಮನಿಗೆ ಎಚ್‌ಐವಿ ಸೋಂಕಿರುವುದು ಖಚಿತವಾಗಿ ಮೂರು ವಾರಗಳಾದವು. ವರದಿ ಕೈಸೇರಿದಾಗ ಅವನು ಅಳಲಿಲ್ಲ. ಮರುದಿನ ಎಂದಿನಂತೆ ಕೆಲಸಕ್ಕೆ ಹೋದನು. ಆದರೆ ಔಷಧಿಯ ಮಾತೆತ್ತಿದರೆ ಎದ್ದು ಹೋಗುತ್ತಾನೆ, ಬೇರೆ ಲ್ಯಾಬ್‌ನಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕೆನ್ನುತ್ತಾನೆ. ಇದನ್ನು ಧೈರ್ಯವೆಂದು ತಿಳಿಯಬೇಕೇ? ತಂದೆತಾಯಿಗೆ ನಾನೇ ಹೇಳಿಬಿಡಲೇ?
– ಹೆಸರು ಬೇಡ

ಉತ್ತರ: ಅವರ ವರ್ತನೆ ಸಹಜವೇ; ಆದರೆ ಅದನ್ನು ಧೈರ್ಯವೆಂದಾಗಲಿ, ಒಪ್ಪಿಗೆಯೆಂದಾಗಲಿ ತಿಳಿಯಬೇಡಿ. ಸೋಂಕಿರುವುದು ತಿಳಿದಾಗ ಕೆಲವರು ಬಿಕ್ಕಿ ಅಳುತ್ತಾರೆ, ಕೆಲವರು ಯಾರಿಂದ ಬಂತೆಂದು ಸಿಟ್ಟಿನಿಂದ ಕುದಿಯುತ್ತಾರೆ, ಕೆಲವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಕಾರಣ ತಿಳಿಯದ ಜ್ವರದಿಂದ ತಿಂಗಳುಗಟ್ಟಲೆ ಬಳಲಿದವರಲ್ಲಿ, ಕಾಯಿಲೆ ಯಾವುದೆಂದು ಕೊನೆಗೂ ಗೊತ್ತಾಯಿತಲ್ಲ ಎಂದು ನಿರಾಳವಾಗುವವರೂ ಇರುತ್ತಾರೆ. ಏನೂ ಆಗಿಲ್ಲವೆಂಬಂತೆ ನಡೆದುಕೊಳ್ಳುವವರ ಮನಸ್ಸು, ಒಮ್ಮೆಗೇ ಹೊರಲಾಗದ ಸುದ್ದಿಯನ್ನು ಸದ್ಯಕ್ಕೆ ಬದಿಗೆ ಸರಿಸಿರುತ್ತದೆ. ಫಲಿತಾಂಶ ಕೇಳಿದ ಆ ಗಳಿಗೆಯಲ್ಲಿ ಆಪ್ತಸಮಾಲೋಚಕರು ವಿವರಿಸಿದ್ದು ಬಹಳಷ್ಟು ತಲೆಗೆ ಹೋಗಿರುವುದೇ ಇಲ್ಲ. ಎರಡನೆಯ ಭೇಟಿ ಮೊದಲನೆಯದಕ್ಕಿಂತ ಮುಖ್ಯವೆಂದು ನಾನು ಭಾವಿಸುವುದು ಇದರಿಂದಲೇ.

ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ನೀವು ಓದಿರಬಹುದು. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಅವನ್ನು ವಿವರಿಸಿದ್ದು ಸಾವಿನ ಸಮೀಪದಲ್ಲಿದ್ದ ರೋಗಿಗಳನ್ನು ಕಂಡು. ಕ್ರಮವಾಗಿ ಔಷಧಿ ತೆಗೆದುಕೊಂಡು ದೀರ್ಘಕಾಲ ಬದುಕಬಲ್ಲ ಇಂದಿನ ಎಚ್‌ಐವಿ ಸೋಂಕಿತರನ್ನು ಆ ಮೆಟ್ಟಿಲುಗಳ ಮೇಲೆ ನಿಲ್ಲಿಸಿ ಅಳೆಯುವುದು ಸರಿಯಲ್ಲ. ಒಪ್ಪಿಕೊಂಡಂತೆ ಕಂಡವರು ಮಾತ್ರೆ ಆರಂಭಿಸುವ ದಿನ ಕುಸಿಯಬಹುದು.

ಮರುಪರೀಕ್ಷೆಯ ಬೇಡಿಕೆಯನ್ನು ಹಟವೆಂದು ತಳ್ಳಿಹಾಕಬೇಡಿ. ಚಿಕಿತ್ಸೆಗೆ ಮುನ್ನ ಫಲಿತಾಂಶವನ್ನು ಇನ್ನೊಮ್ಮೆ ದೃಢಪಡಿಸಿಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಒಮ್ಮೆ ಮಾಡಿಸಲಿ, ಲ್ಯಾಬ್‌ನಿಂದ ಲ್ಯಾಬ್‌ಗೆ ಅಲೆಯುತ್ತ ಚಿಕಿತ್ಸೆಯನ್ನು ಮುಂದೂಡುವುದು ಮಾತ್ರ ಬೇಡ. ರೋಗನಿರೋಧಕ ಶಕ್ತಿಗೆ ಬೇಕಾದ ಸಿಡಿ4 ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಎಷ್ಟೇ ಇರಲಿ, ಸೋಂಕಿರುವ ಎಲ್ಲರಿಗೂ ಎಆರ್‌ಟಿ (ವೈರಸ್ ಹೆಚ್ಚದಂತೆ ತಡೆಯುವ ಔಷಧಿಗಳ) ಚಿಕಿತ್ಸೆ ನೀಡಬೇಕೆಂಬುದು 2015ರಿಂದ ಅದೇ ಸಂಸ್ಥೆಯ ಶಿಫಾರಸು. ರಕ್ತದಲ್ಲಿ ವೈರಸ್‌ನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ತಗ್ಗಿ, ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ. ಮುಂದೆ ಮದುವೆಯೂ ಇಲ್ಲ, ಮಕ್ಕಳೂ ಇಲ್ಲ ಎಂದು ಒಳಗೊಳಗೇ ತೀರ್ಮಾನಿಸಿಕೊಂಡವರಿಗೆ ಯಾವ ಸಾಂತ್ವನಕ್ಕಿಂತಲೂ ಈ ಒಂದು ಸಂಗತಿ ಹೆಚ್ಚು ಕೆಲಸ ಮಾಡುತ್ತದೆ. ವೈದ್ಯರ ಬಾಯಿಂದಲೇ ಅದನ್ನು ಅವರು ಕೇಳುವಂತೆ ಮಾಡಿ.

ಮೊದಲ ಕೆಲವು ತಿಂಗಳುಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚಿರುವುದರಿಂದ ಎಚ್ಚರ ಅಗತ್ಯ. ನಿದ್ದೆಗೆಡುವುದು, ಊಟ ಬಿಡುವುದು, ಕುಡಿತ ಹೆಚ್ಚುವುದು, ‘ನಾನಿಲ್ಲದಿದ್ದರೂ ನಡೆಯುತ್ತದೆ’ ಎಂಬಂಥ ಮಾತುಗಳು ಕಂಡುಬಂದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರೇ ಇರಲು ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ತಂದೆತಾಯಿಗೆ ಹೇಳುವ ನಿರ್ಧಾರ ನಿಮ್ಮ ತಮ್ಮನದು, ನಿಮ್ಮದಲ್ಲ. ಒಂದೇ ಮನೆಯಲ್ಲಿ ಉಂಡು, ಒಂದೇ ಪಾತ್ರೆ ಬಳಸುವುದರಿಂದ ಸೋಂಕು ತಗಲದಿರುವಾಗ ಅವಸರಕ್ಕೆ ಕಾರಣವೂ ಇಲ್ಲ. ಸಂಗಾತಿಯಿದ್ದರೆ ಮಾತು ಬೇರೆ; ಅವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ. ಅದನ್ನು ಹೇಗೆ ತಿಳಿಸುವುದೆಂದು ಆಪ್ತಸಮಾಲೋಚಕರೊಂದಿಗೆ ಮಾತನಾಡಲು ನಿಮ್ಮ ತಮ್ಮನಿಗೆ ಹೇಳಿ. ಅವರು ಬಯಸಿದರೆ ನೀವೂ ಜೊತೆಗೆ ಹೋಗಿ.