ಗುಂಡು ಬೀಜ ಗುರುತಿಸಿದ ಕೈ

ಪ್ರಶ್ನೆ: ಮೇಡಂ, ನಾನು ಆಲ್ದೂರಿನವಳು. ಚಿಕ್ಕಮಗಳೂರಿನಲ್ಲಿ ಸೆಕೆಂಡ್ ಪಿಯುಸಿ, ಪಿಸಿಎಂಬಿ ಓದುತ್ತಿದ್ದೇನೆ. ಹೋದ ವರ್ಷ ನಮ್ಮಜ್ಜಿಗೆ ಲಕ್ವ ಹೊಡೆದಾಗ ಆಕ್ಯುಪೇಶನಲ್ ಥೆರಪಿಸ್ಟ್ ಒಬ್ಬರು ಒಂದೇ ಕೈಯಲ್ಲಿ ಸೀರೆ ಉಡುವುದನ್ನು ಕಲಿಸಿಕೊಟ್ಟರು. ಆವತ್ತಿನಿಂದ ನನಗೂ ಅದನ್ನೇ ಓದುವ ಆಸೆ. ಅಮೆರಿಕದಲ್ಲಿರುವ ಚಿಕ್ಕಪ್ಪ, ‘ಇಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಸೇರು, ಥೆರಪಿ ಆಮೇಲೆ ಓದಬಹುದು’ ಅನ್ನುತ್ತಾರೆ. ‘ಆರ್ಟ್ಸ್ ಓದಿ ಆಸ್ಪತ್ರೆಯಲ್ಲಿ ಏನು ಮಾಡ್ತೀಯ?’ ಅಂತ ಅಪ್ಪ. ಯಾರ ಮಾತು ಕೇಳಲಿ?

ಉತ್ತರ: ತಂಗೀ, ಇಬ್ಬರ ಮಾತೂ ಅವರವರು ಇರುವ ಊರಿಗೆ ಸರಿ. ನಮ್ಮಲ್ಲಿ ಸೈನ್ಸ್ ಪಿಯುಸಿ ಮುಗಿಸಿ ನೇರ ಬಿಒಟಿ, ಅಂದರೆ ಆಕ್ಯುಪೇಶನಲ್ ಥೆರಪಿ ಡಿಗ್ರಿ, ಸೇರುತ್ತಾರೆ. ನಾನು ಓದುವಾಗ ನಾಲ್ಕೂವರೆ ವರ್ಷ, ಅದರಲ್ಲಿ 6 ತಿಂಗಳು ಇಂಟರ್ನ್‌ಶಿಪ್. ಮಣಿಪಾಲದಲ್ಲಿ ಈ ಕೋರ್ಸ್ ಇದೆ. ಇಲ್ಲೇ ಬಿಎ ಸೈಕಾಲಜಿ ಮಾಡಿಕೊಂಡು ಆಮೇಲೆ ಅದರ ಮಾಸ್ಟರ್ಸ್ ಆದ ಎಂಒಟಿಗೆ ಹೋಗುತ್ತೇನೆ ಅಂದುಕೊಂಡರೆ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಬಿಒಟಿಯೇ ಬೇಕು.

ಅಮೆರಿಕದ ದಾರಿ ಬೇರೆ. ಅಲ್ಲಿ ಥೆರಪಿಸ್ಟ್ ಆಗುವ ಓದು ಶುರುವಾಗುವುದೇ ಮಾಸ್ಟರ್ಸ್ ಅಥವಾ ಡಾಕ್ಟರೇಟ್ ಮಟ್ಟದಲ್ಲಿ. ಅದಕ್ಕೂ ಮೊದಲಿನ ಡಿಗ್ರಿ ಯಾವ ವಿಷಯದ್ದಾದರೂ ಆಗಬಹುದು, ಸಂಗೀತವಾದರೂ ಸರಿ. ಆದರೆ ಅನಾಟಮಿ, ಫಿಸಿಯಾಲಜಿ, ಸೈಕಾಲಜಿ, ಸ್ಟಾಟಿಸ್ಟಿಕ್ಸ್‌ನಂಥ ಪೇಪರ್‌ಗಳನ್ನು ಜೊತೆಗೇ ಮುಗಿಸಿರಬೇಕು. ಲಿಬರಲ್ ಆರ್ಟ್ಸ್ ಅಂದರೆ ನಮ್ಮ ಆರ್ಟ್ಸ್ ವಿಭಾಗವಲ್ಲ, ಬಯಾಲಜಿಯೂ ಅದರೊಳಗೇ ಬರುತ್ತದೆ ಎಂದು ಅಪ್ಪನಿಗೆ ಹೇಳು. ಆಮೇಲೆ ಕನಿಷ್ಠ 24 ವಾರ ಪೂರ್ಣಾವಧಿ ಫೀಲ್ಡ್‌ವರ್ಕ್, ಎನ್‌ಬಿಸಿಒಟಿ ಎಂಬ ರಾಷ್ಟ್ರೀಯ ಮಂಡಳಿಯ ಪರೀಕ್ಷೆ, ಕೊನೆಗೆ ಆಯಾ ರಾಜ್ಯದ ಲೈಸೆನ್ಸ್. ಕೆಲವು ಕಾಲೇಜುಗಳಲ್ಲಿ 3 ವರ್ಷ ಡಿಗ್ರಿ ಓದಿ ಅಲ್ಲಿಂದಲೇ ಥೆರಪಿ ಕೋರ್ಸಿಗೆ ದಾಟುವ ಏರ್ಪಾಡು ಇರುತ್ತದೆ. ಚಿಕ್ಕಪ್ಪ ಹೇಳುವ ಕಾಲೇಜಿನಲ್ಲಿ ಅದು ಇದೆಯಾ, ಆ ಕೋರ್ಸಿಗೆ ಅಲ್ಲಿ ಥೆರಪಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಸಿಒಟಿಇ ಸಂಸ್ಥೆಯ ಮಾನ್ಯತೆ ಉಂಟಾ, ಎರಡನ್ನೂ ಕೇಳಿಸು.

ನನ್ನ ಇಂಟರ್ನ್‌ಶಿಪ್‌ನಲ್ಲಿ ನಮ್ಮ ಮಲೆನಾಡಿನವರೇ ಒಬ್ಬರು ಬಂದಿದ್ದರು. ಎಸ್ಟೇಟಿನಲ್ಲಿ ಕೆಲಸ ನೋಡಿಕೊಂಡು ಲೆಕ್ಕ ಬರೆಯುವ ರೈಟರ್ ಆಗಿದ್ದವರು. ಬಲಗೈಗೆ ಲಕ್ವ. ನಾನು ಪುಸ್ತಕದಲ್ಲಿದ್ದಂತೆ ತೂತಿನ ಹಲಗೆ, ಬಣ್ಣದ ಗೂಟ ಮುಂದಿಟ್ಟೆ. ‘ನಾನೇನು ಅಂಗನವಾಡಿ ಮಗುವೇನಮ್ಮ?’ ಅಂದು ಮುಖ ತಿರುಗಿಸಿದವರು ಮೂರು ದಿನ ಕೈ ಎತ್ತಲಿಲ್ಲ. ನಾಲ್ಕನೇ ದಿನ ಒಂದು ಹಿಡಿ ಕಾಫಿ ಬೀಜವನ್ನು ತಟ್ಟೆಗೆ ಹರವಿ, ಕಪ್ಪು ಬೀಜ ಹೆಕ್ಕಿಕೊಡಿ ಅಂದೆ. ಸುಮ್ಮನೆ ನೋಡಿದರು. ಆಮೇಲೆ ಹೆಬ್ಬೆರಳು, ತೋರುಬೆರಳು ನಡುಗುತ್ತಲೇ ಮುಂದೆ ಬಂದವು. ಬೀಜ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದರು. ಅರ್ಧ ಗಂಟೆಗೆ ನಾಲ್ಕು ಕಪ್ಪು ಬೀಜ ಬಂದವು. ಪಕ್ಕದಲ್ಲಿ ಇನ್ನೆರಡು ಬೇರೆಯಾಗಿ ಇಟ್ಟಿದ್ದರು. ಅವು ಚೆನ್ನಾಗಿಯೇ ಇವೆಯಲ್ಲ ಅಂದರೆ, ‘ಅವು ಗುಂಡು ಬೀಜ, ಪಿಬಿ. ರೇಟು ಬೇರೆ’ ಅಂದರು. ಹಣ್ಣಿನೊಳಗೆ ಎರಡರ ಬದಲು ಒಂದೇ ಬೆಳೆದು ಗುಂಡಗಾದ ಬೀಜ, ಪೀಬೆರಿ. ಕಾಫಿ ನಾಡಿನಲ್ಲೇ ಹುಟ್ಟಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಬೆರಳಿನ ಸ್ನಾಯುಗಳ ಹೆಸರೆಲ್ಲ ನನಗೆ ಬಾಯಿಪಾಠವಿತ್ತು. ಆ ಕೈ ನಲವತ್ತು ವರ್ಷ ಏನು ಮಾಡಿತ್ತು ಎಂದು ಮಾತ್ರ ಕೇಳಿರಲಿಲ್ಲ. ಅದಕ್ಕೇ ಚಿಕ್ಕಪ್ಪನ ಸಲಹೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಜನ ಹೇಗೆ ಬದುಕುತ್ತಾರೆ ಎಂಬುದನ್ನು ನಾಲ್ಕು ವರ್ಷ ಓದಿ ಬಂದವರು ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಯಾರು. ಈ ವೃತ್ತಿ ಹುಟ್ಟಿದ್ದೂ ಹಾಗೆಯೇ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಇದರ ಮೊದಲ ಸಂಘ ಕಟ್ಟಿದವರಲ್ಲಿ ಮನೋವೈದ್ಯ ವಿಲಿಯಂ ಡಂಟನ್ ಇದ್ದರು, ಕರಕುಶಲ ಕಲಿಸುವ ಸುಸಾನ್ ಜಾನ್ಸನ್ ಇದ್ದರು. ಮುಂದೆ ನಿಂತವರು ಜಾರ್ಜ್ ಬಾರ್ಟನ್, ಕಟ್ಟಡಗಳ ನಕ್ಷೆ ಹಾಕುತ್ತಿದ್ದವರು. ಎಡಭಾಗದ ಸ್ವಾಧೀನ ತಪ್ಪಿದ್ದಾಗ ಕೈಕೆಲಸ ಮಾಡುತ್ತಲೇ ಚೇತರಿಸಿಕೊಂಡವರು ಅವರು. ನಮ್ಮ ದೇಶಕ್ಕೆ ಈ ಓದನ್ನು ತಂದ ಕಮಲಾ ನಿಂಬಕರ್ ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಶಾಲೆ ತೆರೆದರು.

ಆದರೂ ನೀನು ನಮ್ಮ ಜಿಲ್ಲೆಯಲ್ಲೇ ಕೆಲಸ ಮಾಡುವವಳಾದರೆ ಬಿಒಟಿಗೇ ಸೇರು ಅನ್ನುತ್ತೇನೆ. ಖರ್ಚೂ ವರ್ಷವೂ ಉಳಿಯುತ್ತವೆ, ನಮಗೆ ಇಲ್ಲಿ ಕೈಗಳು ಸಾಲುತ್ತಿಲ್ಲ. ಅಲ್ಲೇ ನೆಲೆಸುವ ಮನಸ್ಸಿದ್ದರೆ ಮಾತ್ರ ಚಿಕ್ಕಪ್ಪನ ದಾರಿ.

ಈ ಭಾನುವಾರ ಅಜ್ಜಿ ಅಕ್ಕಿ ರೊಟ್ಟಿ ತಟ್ಟಲು ಕೂತರೆ ಪಕ್ಕದಲ್ಲಿ ಕೂತು ನೋಡು. ಹಿಟ್ಟು ನಾದುವಾಗ ಕಷ್ಟವೋ, ತಟ್ಟುವಾಗಲೋ, ಹೆಂಚಿಗೆ ಹಾಕುವಾಗಲೋ? ಕೈ ಎಲ್ಲಿ ತಡೆಯಿತು, ಅವರೇ ಏನು ಉಪಾಯ ಹುಡುಕಿಕೊಂಡರು, ಎಲ್ಲ ಬರೆದಿಟ್ಟು ನನಗೊಂದು ಕಾಗದ ಹಾಕು.