ಎಕ್ಸೋರಾ ಗಿಡದ ಚಿಗುರು ಹಳದಿಯಾಗುತ್ತಿದೆ, ಕಡ್ಡಿ ನೆಟ್ಟರೆ ಕೊಳೆಯುತ್ತಿದೆ. ಏನು ಮಾಡಲಿ?

ಮೊದಲು ಗೊಬ್ಬರ ನಿಲ್ಲಿಸಿ. ನಿಮ್ಮ ಗಿಡಕ್ಕೆ ಹಸಿವಾಗಿಲ್ಲ.

ನೀವು ಬರೆದದ್ದು ಇಷ್ಟು: ಹೊಸೂರಿನಲ್ಲಿ ಹೊಸ ಮನೆ. ಕಾಂಪೌಂಡ್ ಗೋಡೆಯ ಬದಿಗೆ ಸಾಲಾಗಿ ಆರು ಎಕ್ಸೋರಾ ನೆಟ್ಟಿದ್ದೀರಿ. ಒಂದು ವರ್ಷವಾಯಿತು, ಚಿಗುರು ಬರುವುದೇ ಹಳದಿಯಾಗಿ. ಎಲೆಯ ನರ ಮಾತ್ರ ಹಸಿರು. ಯೂರಿಯಾ ಹಾಕಿದಿರಿ, ಸಗಣಿ ಗೊಬ್ಬರ ಹಾಕಿದಿರಿ, ದಿನಾ ಬೋರ್‌ವೆಲ್ ನೀರು ಬಿಡುತ್ತೀರಿ. ಹಳೆ ಗಿಡ ಹೋದರೆ ಹೋಗಲಿ ಅಂತ ತುದಿ ಚಿವುಟಿ, ಗೊಬ್ಬರ ಬೆರೆಸಿದ ಮಣ್ಣಿನ ಕುಂಡದಲ್ಲಿ ನೆಟ್ಟರೆ ಹದಿನೈದು ದಿನದಲ್ಲಿ ಅದೂ ಕಪ್ಪಾಗಿ ಕೊಳೆತಿದೆ.

ನಾನು ಕಾಸರಗೋಡಿನವನು, ಬದಿಯಡ್ಕದ ಕಡೆಯವನು. ನೀವು ಮಾಡಿದ ತಪ್ಪನ್ನೆಲ್ಲ ನಿಮಗಿಂತ ಮೊದಲೇ ಮಾಡಿ ಮುಗಿಸಿದ್ದೇನೆ. ನಮ್ಮಲ್ಲಿ ಈ ಗಿಡಕ್ಕೆ ಕೇಪಳ ಅನ್ನುತ್ತೇವೆ. ತುಳುವಿನಲ್ಲಿ ಕೇಪುಳ. ಪಕ್ಕದ ಮನೆಯ ಮಲಯಾಳಿಗಳಿಗೆ ಚೆಕ್ಕಿ, ಇನ್ನೂ ತೆಂಕಕ್ಕೆ ಹೋದರೆ ತೆಚ್ಚಿ. ಕನ್ನಡದಲ್ಲೇ ಕೆಲವರು ಗುಡ್ಡೆ ದಾಸವಾಳ ಅನ್ನುವುದೂ ಉಂಟು. ದಾಸವಾಳಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದು ಕಾಫಿ ಗಿಡದ ಬಳಗದ್ದು. ನಿಮ್ಮ ಊರಿನ ತಮಿಳರ ಹತ್ತಿರ ಇಡ್ಲಿ ಪೂ ಅಂತ ಕೇಳಿ, ತಟ್ಟನೆ ಗೊತ್ತಾಗುತ್ತದೆ. ಎಕ್ಸೋರಾ ಅನ್ನುವುದು ಇಂಗ್ಲಿಷ್ ಹೆಸರು ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಅದು ನಮ್ಮ 'ಈಶ್ವರ' ಪೋರ್ಚುಗೀಸರ ಬಾಯಲ್ಲಿ ತಿರುಚಿಕೊಂಡು ಆದದ್ದಂತೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆಲ್ಲ ಹೆಸರಿಡುವಾಗ ಅದನ್ನೇ ಉಳಿಸಿಕೊಂಡ. ಕೆಂಪು ಹೂವಿನದು ಎಕ್ಸೋರಾ ಕಾಕ್ಸಿನಿಯಾ.

ಈಗ ನನ್ನ ಕಥೆ. 2014ರಲ್ಲಿ ಮನೆ ಕಟ್ಟಿದೆವು. ಅಂಗಳದ ಅಂಚಿಗೆ ಗೋಡೆ ಎಬ್ಬಿಸಿ, ಅದರ ಬುಡದಲ್ಲೇ ಹನ್ನೆರಡು ಕುಳ್ಳ ಜಾತಿಯ ಕೇಪಳ ಸಾಲು ಹಾಕಿದೆ. ಆರು ತಿಂಗಳಲ್ಲಿ ಅಷ್ಟೂ ಹಳದಿ. ಅಲ್ಲಿಂದ ಹತ್ತು ಹೆಜ್ಜೆ ದಾಟಿದರೆ ಬರೆಯ (ಮಣ್ಣಿನ ದಿಬ್ಬದ) ಮೇಲೆ ಕಾಡು ಕೇಪಳವೊಂದು ತಾನಾಗಿ ಹುಟ್ಟಿಕೊಂಡಿದೆ. ಅದಕ್ಕೆ ನೀರಿಲ್ಲ, ಗೊಬ್ಬರವಿಲ್ಲ. ಎಲೆ ಎಣ್ಣೆ ಹಚ್ಚಿದ ಹಾಗೆ ಕಡು ಹಸಿರು, ಗೊಂಚಲು ಗೊಂಚಲು ಹೂವು. ದುಡ್ಡು ಕೊಟ್ಟು ತಂದ ಗಿಡ ಮಾತ್ರ ರೋಗಿಯ ಹಾಗೆ ನಿಂತಿದೆ. ಸಿಟ್ಟು ಬರುವುದಿಲ್ವಾ? ಯೂರಿಯಾ ಹಾಕಿದೆ. ಬಚ್ಚಲ ಒಲೆಯ ಬೂದಿ ಹಾಕಿದೆ. ಇನ್ನೂ ಹಳದಿಯಾಯಿತು.

ಕಾರಣ ಗೊತ್ತಾದದ್ದು ಬಟ್ಟೆ ಒಣಗಿಸುವ ಹಗ್ಗಕ್ಕೆ ಕಂಬ ಹುಗಿಯಲು ಹೊಂಡ ತೆಗೆದಾಗ. ಅರ್ಧ ಅಡಿ ಕೆಳಗೆ ಹಾರೆ ಠಣ್ ಅಂದಿತು. ಗಾರೆ ಕಲಸಿ ಉಳಿದದ್ದು, ಬಾಂಡಲಿ ತೊಳೆದ ನೀರು, ಒಡೆದ ಸಿಮೆಂಟ್ ತುಂಡು, ಎಲ್ಲ ಗೋಡೆಯ ಬುಡಕ್ಕೇ ಸುರಿದು ಮೇಲೆ ಮಣ್ಣು ಎಳೆದು ಹೋಗಿದ್ದರು. ಸಿಮೆಂಟಿನಲ್ಲಿ ಇರುವುದೂ ಸುಣ್ಣವೇ. ನನ್ನ ಕೇಪಳದ ಬೇರು ನಿಂತದ್ದು ಸುಣ್ಣದೊಳಗೆ.

ಈ ಗಿಡದ ಹುಟ್ಟೂರು ನಮ್ಮ ಪಶ್ಚಿಮ ಕರಾವಳಿಯ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಗಳು ಮತ್ತು ಶ್ರೀಲಂಕಾ. ಇಲ್ಲಿ ಮಳೆ ಜಾಸ್ತಿ. ವರ್ಷ ವರ್ಷ ಸುರಿದು ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಬಿಟ್ಟಿದೆ. ಉಳಿದದ್ದು ಹುಳಿ ಮಣ್ಣು, ಪಿಎಚ್ ಐದರಿಂದ ಆರರ ಆಸುಪಾಸು. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟು ಹುಳಿ ಜಾಸ್ತಿ. ಮಣ್ಣಿನ ಕೆಂಪು ಅಂದರೆ ಕಬ್ಬಿಣ. ಹುಳಿ ಇದ್ದಾಗ ಅದು ಸ್ವಲ್ಪ ಸ್ವಲ್ಪ ಕರಗಿ ಬೇರಿಗೆ ಸಿಗುತ್ತದೆ. ನಿಮ್ಮ ಮಣ್ಣಿನಲ್ಲೂ ಕಬ್ಬಿಣ ಇರುತ್ತದೆ. ಆದರೆ ಸುಣ್ಣ ಸೇರಿ ಪಿಎಚ್ ಏಳು ದಾಟಿತು ಅಂದರೆ ಅದು ಕರಗುವುದಿಲ್ಲ. ಎದುರಿಗೆ ಬಡಿಸಿದ್ದಾರೆ, ಬಾಯಿಗೆ ಹೋಗುತ್ತಿಲ್ಲ.

ನೀವು 'ಚಿಗುರು ಹಳದಿ, ನರ ಹಸಿರು' ಅಂತ ಬರೆದಿದ್ದೀರಲ್ಲ, ಅದರಿಂದಲೇ ನನಗೆ ಸಂಶಯ ಬಂದದ್ದು. ಗಿಡದೊಳಗೆ ಕಬ್ಬಿಣ ಹಳೆ ಎಲೆಯಿಂದ ಹೊಸ ಎಲೆಗೆ ಓಡಾಡುವುದಿಲ್ಲ. ಹಾಗಾಗಿ ಕೊರತೆ ಮೊದಲು ಕಾಣುವುದು ಚಿಗುರಿನಲ್ಲಿ. ಸಾರಜನಕ ಕಡಿಮೆಯಾದರೆ ಇದರ ಉಲ್ಟಾ. ಬುಡದ ಮುದಿ ಎಲೆ ಮೊದಲು ಹಳದಿಯಾಗುತ್ತದೆ, ನರ ಸಮೇತ. ಆಗ ಯೂರಿಯಾ ಸರಿ. ನಿಮ್ಮದಕ್ಕೆ ಯೂರಿಯಾದಿಂದ ಏನೂ ಆಗದು.

ಪರೀಕ್ಷೆ ಮಾಡಬೇಕಾದರೆ ಗಿಡದ ಬುಡದ ಒಣ ಮಣ್ಣು ಒಂದು ಹಿಡಿ ತೆಗೆದು ವಿನೆಗರ್ ಸುರಿಯಿರಿ. ಗುಳ್ಳೆ ಎದ್ದರೆ ಸುಣ್ಣ ಇದೆ ಅಂತ ಲೆಕ್ಕ. ಗುಳ್ಳೆ ಬರಲಿಲ್ಲ ಅಂದ ಮಾತ್ರಕ್ಕೆ ಸುಣ್ಣ ಇಲ್ಲವೇ ಇಲ್ಲ ಅಂತಲ್ಲ. ಬೋರ್ ನೀರಿನ ಬಕೆಟಿಗೆ ಬಿಳಿ ಪೊರೆ ಕಟ್ಟುತ್ತಾ ನೋಡಿ. ಕಟ್ಟಿದರೆ ದಿನಾ ನೀವೇ ಕೈಯಾರೆ ಸುಣ್ಣ ಕೊಡುತ್ತಿದ್ದೀರಿ.

ಸರಿ ಮಾಡುವುದು ಹೇಗೆ? ಮಳೆಗಾಲ ಶುರುವಾಗುವಾಗ ಗಿಡಗಳನ್ನು ಮಣ್ಣಿನ ಹೆಂಟೆ ಸಮೇತ ಎಬ್ಬಿಸಿ ಗೋಡೆಯಿಂದ ಕನಿಷ್ಠ ಮೂರು ಅಡಿ ಈಚೆಗೆ ತನ್ನಿ. ಒಂದೂವರೆ ಅಡಿ ಹೊಂಡ, ಅದಕ್ಕೆ ಗಾರೆ ತಾಗದ ಕೆಂಪು ಮಣ್ಣು, ಚೆನ್ನಾಗಿ ಕೊಳೆತ ಸೊಪ್ಪಿನ ಗೊಬ್ಬರ. ಮೇಲೆ ತರಗೆಲೆ ದಪ್ಪಕ್ಕೆ ಹೊದಿಸಿ. ಬೂದಿ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಬೂದಿ ಅಂದರೆ ಸರ್ವರೋಗಕ್ಕೂ ಮದ್ದು. ತೆಂಗಿಗೆ ಒಳ್ಳೆಯದು, ಬಾಳೆಗೆ ಒಳ್ಳೆಯದು. ಕೇಪಳಕ್ಕೆ ಅದು ಸುಣ್ಣದ ತಮ್ಮ. ಹಾಗೇ ಮಳೆ ನೀರು ಡ್ರಮ್ಮಿನಲ್ಲಿ ಹಿಡಿದಿಟ್ಟು ವಾರಕ್ಕೆರಡು ಸಲವಾದರೂ ಅದನ್ನೇ ಕೊಡಿ.

ತಕ್ಷಣಕ್ಕೆ ಎಲೆ ಹಸಿರಾಗಬೇಕು ಅಂದರೆ ಅನ್ನಭೇದಿ ಸಿಗುತ್ತದೆ, ಅಂಗಡಿಯವರು ಫೆರಸ್ ಸಲ್ಫೇಟ್ ಅನ್ನುತ್ತಾರೆ. ಒಂದು ಲೀಟರ್ ನೀರಿಗೆ 5 ಗ್ರಾಂ, ನಾಲ್ಕು ಹನಿ ನಿಂಬೆ ರಸ. ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಮೊದಲು ಒಂದು ಕೊಂಬೆಗೆ ಮಾತ್ರ ಹೊಡೆದು ಎರಡು ದಿನ ನೋಡಿ, ಎಲೆ ಸುಡದಿದ್ದರೆ ಉಳಿದದ್ದಕ್ಕೆ. ಟೈಲ್ಸ್ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ. ನಮ್ಮ ಮನೆಯ ಮೆಟ್ಟಿಲಿನ ತುಕ್ಕಿನ ಕಲೆ ಇವತ್ತಿಗೂ ಹೋಗಿಲ್ಲ, ಅದರ ಮಾತು ತೆಗೆದರೆ ಮನೆಯಲ್ಲಿ ಜಗಳ. ಸುಣ್ಣದ ಮಣ್ಣಿಗೆ ಅನ್ನಭೇದಿ ಸುರಿದು ಪ್ರಯೋಜನವಿಲ್ಲ, ಅದೂ ಬೇಗನೇ ಕರಗದ ಹಾಗೆ ಕಟ್ಟಿಕೊಳ್ಳುತ್ತದೆ. ಮಣ್ಣಿಗೇ ಹಾಕಬೇಕಾದರೆ ಚೀಲೇಟೆಡ್ ಕಬ್ಬಿಣ, ಅಂದರೆ ಸುಣ್ಣಕ್ಕೆ ಸಿಕ್ಕಿಬೀಳದ ಹಾಗೆ ಕಾಪಾಡಿದ ಕಬ್ಬಿಣ ಕೇಳಿ, ಅದರಲ್ಲೂ ಇಡಿಡಿಎಚ್‌ಎ ಅನ್ನುವ ಬಗೆ. ಬೆಲೆ ಜಾಸ್ತಿ. ನಿಮ್ಮ ಹೊಸೂರಿನ ಸುತ್ತ ಗುಲಾಬಿ ಬೆಳೆಯುವವರು ಬೇಕಾದಷ್ಟಿದ್ದಾರೆ, ಅವರು ಹೋಗುವ ಅಂಗಡಿಯಲ್ಲಿ ವಿಚಾರಿಸಿ. ಹಳೆಯ ಹಳದಿ ಎಲೆಯೆಲ್ಲ ಹಸಿರಾಗುತ್ತದೆ ಅಂತ ಕಾಯಬೇಡಿ. ಮುಂದೆ ಬರುವ ಚಿಗುರಿನ ಬಣ್ಣ ನೋಡಿ.

ಇನ್ನು ಕಡ್ಡಿ. ಇದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ನನಗೆ ಇಷ್ಟದ ಕೆಲಸ.

ನಮ್ಮಲ್ಲಿ ಪತ್ತನಾಜೆ, ಅಂದರೆ ಮೇ ಕೊನೆ, ಕಳೆದು ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಕಡ್ಡಿ ತೆಗೆಯುತ್ತೇವೆ. ನಿಮಗೂ ಜೂನ್, ಜುಲೈ ಆಗಬಹುದು. ಡಿಸೆಂಬರಿನ ಚಳಿಯಲ್ಲಿ ಬೇಡ, ಬೇರು ಬರಲು ಬಿಸುಪು ಬೇಕು. ಹಳದಿ ಗಿಡದಿಂದ ತೆಗೆಯಬೇಡಿ, ತಾಯಿ ಗಿಡ ಗಟ್ಟಿ ಇರಬೇಕು. ನೀವು ತುದಿ ಚಿವುಟಿ ನೆಟ್ಟಿರಿ ಅಲ್ವಾ? ಎಳೆ ತುದಿ ಕೊಳೆಯುತ್ತದೆ. ಬುಡದ ಬೂದು ಬಣ್ಣದ ಮುದಿ ಕೊಂಬೆಯಾದರೆ ತಿಂಗಳುಗಟ್ಟಲೆ ಸುಮ್ನೆ ನಿಲ್ಲುತ್ತದೆ, ಬೇರು ಬಿಡುವುದಿಲ್ಲ. ಇವೆರಡರ ನಡುವಿನದು ಬೇಕು. ಪೆನ್ಸಿಲಿಗಿಂತ ಸ್ವಲ್ಪ ತೆಳ್ಳಗೆ, ಸಿಪ್ಪೆ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗುತ್ತಿರುವುದು, ಹೂವಿಲ್ಲದ್ದು. ನಾಲ್ಕೈದು ಇಂಚು ಉದ್ದ, ಮೂರು ಗೆಣ್ಣು. ಕೆಳಗಿನ ಗೆಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಲ್ಲಿ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ, ಮೇಲಿನ ಒಂದು ಜೋಡಿ ಇರಲಿ, ಅದನ್ನೂ ಅರ್ಧಕ್ಕೆ ಕತ್ತರಿಸಿ. ಬೇರು ಬರಿಸುವ ಪುಡಿ ಇದ್ದರೆ ತುದಿಗೆ ತಾಗಿಸಿ. ಇಲ್ಲದಿದ್ದರೂ ಆಗುತ್ತದೆ, ಸ್ವಲ್ಪ ತಡ.

ನೆಡುವುದು ದಪ್ಪ ಹೊಯಿಗೆ (ಮರಳು) ಮತ್ತು ತೆಂಗಿನ ನಾರಿನ ಪುಡಿ ಸಮಸಮ ಬೆರೆಸಿ. ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ, ಉಪ್ಪಿರಬಹುದು. ಸಗಣಿ ಗೊಬ್ಬರ ಒಂದು ಚಿಟಿಕೆಯೂ ಬೇಡ. ಬೇರೇ ಇಲ್ಲದ ಕಡ್ಡಿಗೆ ಊಟ ಯಾಕೆ? ಅದರಿಂದ ಬೆಳೆಯುವುದು ಕೊಳೆ ಮಾತ್ರ. ಹೊಯಿಗೆ ಹೊಳೆಯಿಂದ ತಂದದ್ದೇ ಇರಲಿ. ನಾನೊಮ್ಮೆ ಕುಂಬಳೆಯ ಕಡಲ ಬದಿಯಿಂದ ಒಂದು ಚೀಲ ತಂದು ಜಾಣತನ ಮಾಡಿದೆ. ಅದರಲ್ಲಿ ಚಿಪ್ಪಿನ ಚೂರು ತುಂಬಾ. ಚಿಪ್ಪು ಅಂದರೆ ಮತ್ತೆ ಅದೇ ಸುಣ್ಣ ಮಾರಾಯ್ರೆ! ಒಂದು ಕಡ್ಡಿಯೂ ಉಳಿಯಲಿಲ್ಲ.

ಕಡ್ಡಿ ಚುಚ್ಚುವ ಮೊದಲು ಬೇರೆ ಕೋಲಿನಿಂದ ತೂತು ಮಾಡಿ, ಆಮೇಲೆ ಇಳಿಸಿ, ಸುತ್ತ ಬೆರಳಿನಲ್ಲಿ ಒತ್ತಿ. ಒಮ್ಮೆ ನೀರು ಕೊಟ್ಟು ಪೂರ್ತಿ ಬಸಿಯಲು ಬಿಡಿ. ನಮ್ಮಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟಿನ) ಗಾಳಿಯೇ ಒದ್ದೆ ಬಟ್ಟೆಯ ಹಾಗೆ ಇರುತ್ತದೆ, ಮುಚ್ಚುವ ಅಗತ್ಯವಿಲ್ಲ. ಮಾಡಿನ (ಸೂರಿನ) ನೀರು ಮೇಲೆ ಬೀಳದಿದ್ದರೆ ಸಾಕು. ನಿಮ್ಮಲ್ಲಿ ಗಾಳಿ ಒಣ. ಹಾಗಾಗಿ ಬುಡ ಕತ್ತರಿಸಿದ ನೀರಿನ ಬಾಟಲಿ ಕವುಚಿ ಹಾಕಿ, ಮುಚ್ಚಳ ತೆಗೆದಿಡಿ. ಬೆಳಕು ಬರಲಿ, ಬಿಸಿಲು ಬೀಳಬಾರದು. ಒಳಗೆ ಹನಿ ಕಟ್ಟಿದ್ದು ಕಾಣುವಷ್ಟು ದಿನ ನೀರು ಕೊಡಬೇಡಿ.

ಆಮೇಲೆ ಕಾಯುವುದು. ಆರರಿಂದ ಎಂಟು ವಾರ. ಮೂರನೇ ವಾರಕ್ಕೆ ಒಂದು ಚಿಗುರು ಬಂದು ನಿಮ್ಮನ್ನು ಮೋಸ ಮಾಡಬಹುದು. ಅದು ಕಡ್ಡಿಯೊಳಗೆ ಉಳಿದ ಶಕ್ತಿಯಲ್ಲಿ ಬಂದದ್ದು, ಬೇರು ಬಂದಿದೆ ಅಂತ ಅಲ್ಲ. ಎಳೆದು ನೋಡುವ ಚಟ ನನಗೂ ಇತ್ತು. ಈಗ ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ತೂತು ಮಾಡಿ ಅದರಲ್ಲೇ ನೆಡುತ್ತೇನೆ, ಆ ಲೋಟವನ್ನು ಬೆಳಕು ಹೋಗದ ಇನ್ನೊಂದು ಡಬ್ಬದೊಳಗೆ ಇಡುತ್ತೇನೆ. ಎತ್ತಿ ನೋಡಿದರೆ ಬಿಳಿ ಬೇರು ಕಾಣುತ್ತದೆ. ಹತ್ತು ನೆಟ್ಟರೆ ನನಗೆ ಐದಾರು ಉಳಿಯುತ್ತವೆ. ನೀವು ಹತ್ತು ಬೇಕಿದ್ದರೆ ಇಪ್ಪತ್ತು ನೆಡಿ.

ಇಷ್ಟು ರಗಳೆ ಬೇಡ ಅನ್ನುವವರಿಗೆ ಇನ್ನೊಂದು ದಾರಿ. ಬುಡದ ಉದ್ದ ಕೊಂಬೆಯನ್ನು ನೆಲಕ್ಕೆ ಬಾಗಿಸಿ, ಮಣ್ಣು ತಾಗುವಲ್ಲಿ ಸಿಪ್ಪೆ ಸ್ವಲ್ಪ ಕೆರೆದು, ಮಣ್ಣು ಮುಚ್ಚಿ ಮೇಲೊಂದು ಕಲ್ಲಿಡಿ. ಮಳೆಗಾಲ ಮುಗಿಯುವಾಗ ಬೇರು ಬಂದಿರುತ್ತದೆ, ಕತ್ತರಿಸಿ ಬೇರೆ ನೆಡಿ.

ಬೀಜದ ವಿಷಯ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಾಡು ಕೇಪಳದ ಹಣ್ಣು ಹಣ್ಣಾದಾಗ ಕಪ್ಪು ಮಿಶ್ರಿತ ಕೆಂಪು, ಸ್ವಲ್ಪ ಸಿಹಿ, ಸ್ವಲ್ಪ ಒಗರು. ಶಾಲೆಗೆ ಹೋಗುವ ದಾರಿಯಲ್ಲಿ ಕಿಸೆ ತುಂಬಿಸಿಕೊಳ್ಳುತ್ತಿದ್ದೆವು. ಹೂವನ್ನಂತೂ ಬಿಡುತ್ತಲೇ ಇರಲಿಲ್ಲ. ನಡುವಿನ ನೂಲು ಮೆಲ್ಲಗೆ ಎಳೆದರೆ ತುದಿಯಲ್ಲಿ ಒಂದು ಹನಿ ಜೇನು, ಅದನ್ನು ಚೀಪುವುದು. ನನ್ನ ಮಗಳಿಗೂ ಕಲಿಸಿದ್ದೇನೆ. ಪಿಕಳಾರ ಹಕ್ಕಿ ಹಣ್ಣು ತಿಂದು ಬೀಜ ಬೀಳಿಸಿದಲ್ಲಿ ಗಿಡ ಏಳುತ್ತದೆ. ನಾವು ಬಿತ್ತಬೇಕಾದರೆ ತಿರುಳು ತೊಳೆದು ಹಸಿ ಇರುವಾಗಲೇ ಬಿತ್ತಬೇಕು, ಮೊಳೆಯಲು ತಿಂಗಳುಗಳೇ ಹಿಡಿಯಬಹುದು. ನರ್ಸರಿಯ ಮಿಶ್ರ ತಳಿಯಾದರೆ ಬೀಜದಿಂದ ಅದೇ ಬಣ್ಣ ಬರುತ್ತದೆ ಅಂತ ನಂಬಬೇಡಿ, ಕಡ್ಡಿಯೇ ಸರಿ. ಗುಡ್ಡೆಯ ದೊಡ್ಡ ಗಿಡ ಅಗೆದು ತರುವ ಕೆಲಸವಂತೂ ಬೇಡ. ಮುರಕಲ್ಲಿನ ಸಂದಿಗೆ ಇಳಿದ ಬೇರು ಅರ್ಧಕ್ಕೆ ತುಂಡಾಗಿ ಸಾಯುತ್ತದೆ. ನಮ್ಮ ಗುಡ್ಡೆಗಳನ್ನು ತಿನ್ನಲು ಕಲ್ಲಿನ ಕೋರೆಗಳು ಸಾಕು. ನಮ್ಮ ದೈವಾರಾಧನೆಯ ಕೋಲಕ್ಕೆ, ತೆಯ್ಯಕ್ಕೆ ಕೇಪಳ ಬೇಕೇ ಬೇಕು, ಈಗ ಅದಕ್ಕೂ ಹುಡುಕಿಕೊಂಡು ಹೋಗುವ ಹಾಗಾಗಿದೆ.

ಕತ್ತರಿಸುವ ಬಗ್ಗೆ ಒಂದೇ ಮಾತು. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಬೇಲಿ ಚಂದ ಕಾಣಲಿ ಅಂತ ತಿಂಗಳಿಗೊಮ್ಮೆ ಮಟ್ಟಸ ಕತ್ತರಿಸಿದರೆ ಎಲೆಯ ಗೋಡೆ ಸಿಗುತ್ತದೆ, ಹೂವು ಸಿಗುವುದಿಲ್ಲ. ಗೊಂಚಲು ಬಾಡಿದ ಮೇಲೆ ಒಮ್ಮೆ ಕತ್ತರಿಸಿ ಬಿಟ್ಟುಬಿಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಇರಲಿ.

ಗಿಡ ಸರಿಸಿದ ಮೇಲೆ ಗೋಡೆಯ ಬದಿ ಖಾಲಿ ಕಾಣುತ್ತದೆ ಅಂದರೆ ಅಲ್ಲಿಗೆ ಕಣಗಿಲೆ ಆಗುತ್ತದೆ. ಅದು ಸುಣ್ಣಕ್ಕೆ ಹೆದರುವ ಗಿಡವಲ್ಲ, ನೀರೂ ಅಷ್ಟು ಕೇಳುವುದಿಲ್ಲ. ಆದರೆ ಅದರ ಎಲೆ, ಹೂವು, ಕಡ್ಡಿ ಎಲ್ಲ ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಅವರು ಕೇಪಳದ ಜೇನು ಚೀಪಲು ಕಲಿತಿದ್ದರೆ, ಕಣಗಿಲೆ ಬೇಡ. ಆ ಜಾಗ ಖಾಲಿಯೇ ಇರಲಿ.