ಹಳೇ ಡೆಸ್ಕ್‌ಟಾಪಿಗೆ ಹಗುರವಾದ, ಚುರುಕಾದ ಟರ್ಮಿನಲ್ ಯಾವುದು?

4 ಜಿಬಿ ಮೆಮೊರಿಯ ಹಳೇ ಡೆಸ್ಕ್‌ಟಾಪು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಲಿನಕ್ಸ್ ಇದೆ. ಕಮಾಂಡ್ ಟೈಪ್ ಮಾಡುವ ಕಿಟಕಿಗೆ, ಅಂದರೆ ಟರ್ಮಿನಲ್‌ಗೆ, 'ಅಲಾಕ್ರಿಟಿ ಎಲ್ಲಕ್ಕಿಂತ ಫಾಸ್ಟ್ ಅಂತಾರೆ, ಹಾಕಿಕೊಳ್ಳಲಾ?' ಅಂತ ಕೇಳಿದ್ದೀರಿ. ನನ್ನದೂ ಹೆಚ್ಚುಕಡಿಮೆ ಅಂಥದ್ದೇ ಡಬ್ಬ. ನಾನು ಬಳಸುವುದು ಫುಟ್ ಅನ್ನುವ ಟರ್ಮಿನಲ್.

ಅಲಾಕ್ರಿಟಿ ಫಾಸ್ಟ್ ಅನ್ನುವುದು ಸುಳ್ಳಲ್ಲ. ಆದರೆ ಯಾವುದರಲ್ಲಿ ಫಾಸ್ಟ್? ದೊಡ್ಡ ಲಾಗ್ ಫೈಲನ್ನು ಕ್ಯಾಟ್ ಮಾಡಿ (ಇಡೀ ಫೈಲನ್ನು ಪರದೆಗೆ ಸುರಿದು) ಎಷ್ಟು ಹೊತ್ತಿಗೆ ಮುಗಿಯಿತು ಅಂತ ನೋಡುವುದು ಒಂದು ಅಳತೆ. ಕೀ ಒತ್ತಿದ ಮೇಲೆ ಅಕ್ಷರ ಪರದೆ ಮೇಲೆ ಮೂಡಲು ಎಷ್ಟು ತಡ ಅನ್ನುವುದು ಇನ್ನೊಂದು. ದಿನವಿಡೀ ಕೈಗೆ ತಟ್ಟುವುದು ಎರಡನೆಯದೇ. ಇದರಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್‌ಟರ್ಮ್ ಅನ್ನುವ ಟರ್ಮಿನಲ್ ಇವತ್ತಿಗೂ ಹೊಸಬರಿಗೆ ಸೋಲುವುದಿಲ್ಲ. ಅಲಾಕ್ರಿಟಿ ಅಕ್ಷರ ಬರೆಯುವ ಕೆಲಸವನ್ನು ಓಪನ್‌ಜಿಎಲ್ ಅನ್ನುವ ಗ್ರಾಫಿಕ್ಸ್ ವ್ಯವಸ್ಥೆಯ ಮೂಲಕ ಜಿಪಿಯುಗೆ, ಅಂದರೆ ಗ್ರಾಫಿಕ್ಸ್ ಚಿಪ್ಪಿಗೆ, ಒಪ್ಪಿಸುತ್ತದೆ. ಆ ಜಿಪಿಯುವೇ ಬಡಕಲಾಗಿದ್ದರೆ ಲಾಭ ಅಷ್ಟಕ್ಕಷ್ಟೆ.

ಫುಟ್ ಜಿಪಿಯು ತಂಟೆಗೇ ಹೋಗುವುದಿಲ್ಲ. ಪರದೆಯಲ್ಲಿ ಬದಲಾದ ಜಾಗವನ್ನಷ್ಟೇ ಸಿಪಿಯುನಲ್ಲಿ ಮತ್ತೆ ಬರೆಯುತ್ತದೆ. ಸರ್ವರ್ ಮೋಡಿನಲ್ಲಿ (ಹಿನ್ನೆಲೆಯಲ್ಲಿ ಸದಾ ಸಿದ್ಧವಾಗಿ) ಓಡಿಸಿಟ್ಟರೆ ಹೊಸ ಕಿಟಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಎಲ್ಲ ಕಿಟಕಿಗಳೂ ಒಂದೇ ಪ್ರೋಸೆಸ್ಸು, ಹಾಗಾಗಿ ಮೆಮೊರಿ ಉಳಿತಾಯ. ಅದು ಬಿದ್ದರೆ ಎಲ್ಲವೂ ಒಟ್ಟಿಗೇ ಬೀಳುತ್ತವೆ, ಅದು ಬೇರೆ ಮಾತು.

ಒಂದು ಷರತ್ತು: ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ವ್ಯವಸ್ಥೆ ಎರಡು ಬಗೆ, ಹಳೆಯ ಎಕ್ಸ್11 ಮತ್ತು ಹೊಸ ವೇಲ್ಯಾಂಡ್. ಫುಟ್ ವೇಲ್ಯಾಂಡ್‌ನಲ್ಲಿ ಮಾತ್ರ ಓಡುತ್ತದೆ. ನಿಮ್ಮ ಡೆಸ್ಕ್‌ಟಾಪ್ ಪರಿಸರ ಗ್ನೋಮ್ ಆದರೆ ನಿಮ್ಮದು ಯಾವುದೆಂದು ಸೆಟ್ಟಿಂಗ್ಸ್‌ನ ಅಬೌಟ್‌ನಲ್ಲಿ ಸಿಗುತ್ತದೆ. ಎಕ್ಸ್11 ಆಗಿದ್ದರೆ ಎಕ್ಸ್‌ಟರ್ಮ್‌ಗೇ ಒಳ್ಳೆ ಫಾಂಟ್ ಕೊಟ್ಟುಕೊಳ್ಳಿ. ಸಕ್‌ಲೆಸ್ ಅನ್ನುವ ಗುಂಪಿನವರ ಎಸ್‌ಟಿ ಟರ್ಮಿನಲ್ ಇನ್ನೂ ಪುಟ್ಟದು ನಿಜ, ಆದರೆ ಒಂದು ಶಾರ್ಟ್‌ಕಟ್ ಕೀ ಬದಲಿಸಬೇಕೆಂದರೂ ಸಿ ಹೆಡರ್ ಫೈಲ್ (ಅದರ ಸೋರ್ಸ್ ಕೋಡಿನ ಭಾಗ) ತಿದ್ದಿ ಮತ್ತೆ ಕಂಪೈಲ್ ಮಾಡಬೇಕು, ಮೇಲಕ್ಕೆ ಸ್ಕ್ರೋಲ್ ಮಾಡಬೇಕೆಂದರೆ ಪ್ಯಾಚ್ ಹಾಕಬೇಕು. ಒಂದು ವಾರ ಹೆಣಗಿ ಕೈಬಿಟ್ಟೆ.

ಫುಟ್ ಹಾಕಿದ ಮೊದಲ ದಿನವೇ ಹಳೇ ಸರ್ವರೊಂದಕ್ಕೆ ಎಸ್‌ಎಸ್‌ಎಚ್ ಮಾಡಿದೆ, ಅಂದರೆ ದೂರದಿಂದಲೇ ಲಾಗಿನ್ ಆದೆ. ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಟಾಪ್ ಕಮಾಂಡ್ 'ಈ ಟರ್ಮಿನಲ್ ಯಾವುದೋ ಗೊತ್ತಿಲ್ಲ' ಅಂತ ತೆರೆಯಲೇ ಇಲ್ಲ. ಯಾವ್ಯಾವ ಟರ್ಮಿನಲ್‌ಗೆ ಏನೇನು ಬರುತ್ತದೆ ಅಂತ ಬರೆದಿಟ್ಟಿರುವ, ಆ ಸರ್ವರಿನ ಟರ್ಮ್‌ಇನ್ಫೋ ಪಟ್ಟಿಯಲ್ಲಿ ಫುಟ್‌ನ ಹೆಸರಿಲ್ಲ, ಅಷ್ಟೆ. ಅಲ್ಲಿಗೆ ಹೋಗುವಾಗ 'ಟರ್ಮ್' (TERM) ವೇರಿಯಬಲ್‌ಗೆ ಎಕ್ಸ್‌ಟರ್ಮ್-256ಕಲರ್ (xterm-256color) ಅಂತ ಕೊಟ್ಟರೆ ಸರಿಹೋಗುತ್ತದೆ. ಅಲಾಕ್ರಿಟಿಗೂ ಇದೇ ಮದ್ದು.

ಇನ್ನು ಕನ್ನಡ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಟರ್ಮಿನಲ್ ಅಂದರೆ ಚೌಕುಳಿ ಕಾಗದ ಇದ್ದ ಹಾಗೆ, ಒಂದೊಂದು ಮನೆಗೆ ಒಂದೊಂದು ಅಕ್ಷರ. ನಮ್ಮ ಒತ್ತಕ್ಷರ ಆ ಮನೆಗಳಲ್ಲಿ ಕೂರುವುದಿಲ್ಲ. 'ಅಕ್ಕನ ಮದುವೆ' ಅಂತ ಫೋಲ್ಡರಿಗೆ ಹೆಸರಿಟ್ಟಿದ್ದೆ. ಫುಟ್‌ನಲ್ಲಿ ಅಕ್ಕ ಎರಡು ಹೋಳಾಗಿದ್ದಳು. ಅಲಾಕ್ರಿಟಿಯಲ್ಲೂ ಅದೇ ಗತಿ. ಕೆಡಿಇ ಡೆಸ್ಕ್‌ಟಾಪಿನ ಟರ್ಮಿನಲ್ ಆದ ಕಾನ್ಸೋಲ್ ಇವುಗಳಷ್ಟು ಹಗುರವಲ್ಲ, ಕರ್ಸರ್ ಆಗೀಗ ಆಚೀಚೆ ಆಗುತ್ತದೆ, ಆದರೂ ಓದುವ ಹಾಗೆ ತೋರಿಸುತ್ತದೆ. ಹಾಗಾಗಿ ಅದನ್ನು ತೆಗೆದುಹಾಕಿಲ್ಲ, ಫೋಟೋಗಳಿರುವ ಡಿಸ್ಕ್ ಹಾಕಿದಾಗ ಮಾತ್ರ ತೆರೆಯುತ್ತೇನೆ.